ಶಿಲೆ, ದಾರು ಮತ್ತು ಬಣ್ಣದ ಅನುಕರಣ

ಒಂದು ದ್ರವ್ಯಕ್ಕೆ ಮತ್ತೊಂದು ದ್ರವ್ಯದ ರೂಪವನ್ನೀಯುವ ಕಲೆ ತುಳುನಾಡಿನ ಜಿನಾಲಯಗಳಿಗೆ ಹೊಸತಲ್ಲ. ಕ್ರಿ.ಶ. 1430ರಲ್ಲಿ ನಿರ್ಮಿತವಾದ ಮೂಡಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿಯ ಕೆಳಗಣ ಮಾಡು ಕಲ್ಲಿನದು. ಅದರ ಇಳಿಜಾರು ಮಾತ್ರ ಮರದ ಮಾಡಿನದು. ಮಳೆನಾಡಿನ ಬಡಗಿಯ ಲೆಕ್ಕಾಚಾರವನ್ನು ಶಿಲ್ಪಿಯು ಕಲ್ಲಿಗೆ ಅಳವಡಿಸಿದ್ದಾನೆ. ಈ ದಾರುರೂಪವನ್ನು ಗಮನಿಸಿದ ಜೇಮ್ಸ್ ಫರ್ಗ್ಯುಸನ್ ಎಂಬ ಸ್ಕಾಟಿಷ್ ವಿದ್ವಾಂಸನು 19ನೆಯ ಶತಮಾನದಲ್ಲಿಯೇ ಇದನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದನು. ಇಲ್ಲಿ ರೂಪವಷ್ಟೇ ಮರದ್ದು. ಕಲ್ಲು ಕಲ್ಲಾಗಿಯೇ ಕಾಣುತ್ತದೆ.

ಬಣ್ಣದಿಂದ ಮಾಡುವ ಅನುಕರಣದ ದಾರಿ ಬೇರೆ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೇಯಿ ನಗರದಲ್ಲಿ ಗಾರೆಯ ಗೋಡೆಗೆ ಅಮೃತಶಿಲೆಯ ಬಣ್ಣ ಬರೆದಿರುವುದನ್ನು ಇಂದಿಗೂ ಕಾಣಬಹುದು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಥಾಮಸ್ ಕರ್ಷಾ ಎಂಬ ವರ್ಣಗಾರನು ಇದೇ ಕೆಲಸಕ್ಕೆ ಪದಕ ಪಡೆದನು. ಕ್ರಮವೇನೋ ಸರಳವೇ. ತಿಳಿಹಳದಿ ಬಣ್ಣವನ್ನು ಬಳಿದು ಒಣಗಿಸಿ, ಮೇಲೆ ತೆಳುವಾದ ಕಂದು ಬಣ್ಣವನ್ನು ಹಚ್ಚಿ, ಅದು ಹಸಿಯಿರುವಾಗಲೇ ಹಣಿಗೆಯನ್ನೆಳೆದರೆ ಸಾಗುವಾನಿಯ ನಾರುಗೆರೆ ಮೂಡುತ್ತದೆ. ಬಟ್ಟೆಯುಂಡೆಯನ್ನೊತ್ತಿದರೆ ಮರದ ಗಂಟು ಕಾಣಿಸುತ್ತದೆ. ಕೊನೆಗೆ ವಾರ್ನಿಶು. ಅಮೃತಶಿಲೆಗಾದರೆ ಹಸಿ ಬಿಳಿಯ ಮೇಲೆ ಹಕ್ಕಿಯ ಗರಿಯಿಂದ ಬೂದುಬಣ್ಣದ ಎಳೆಗಳನ್ನೆಳೆದು ಒಣಕುಂಚದಿಂದ ಮೃದುಗೊಳಿಸುತ್ತಾರೆ. ಕೈ ಪಳಗಲು ಮಾತ್ರ ವರ್ಷಗಳೇ ಬೇಕು.

ಶ್ರಾವಕನಿಗೆ ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಪ್ರತಿರೂಪಕ ವ್ಯವಹಾರವನ್ನೂ ಹೇಳಿದ್ದಾರೆ. ಅಸಲಿನ ಹೆಸರಿನಲ್ಲಿ ನಕಲನ್ನು ಮಾರುವುದೇ ಅದು. ಅಂಗಡಿಯಲ್ಲಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಸ ಕಾಂಕ್ರೀಟಿನ ಮಹಾದ್ವಾರಕ್ಕೆ ಮರದ ಬಣ್ಣ ಬಳಿದರೆ ಅದು ಅಲಂಕಾರವೇ ಹೊರತು ಅತಿಚಾರವಲ್ಲ, ಏಕೆಂದರೆ ಅಲ್ಲಿ ಯಾರೂ ಮೋಸಹೋಗುವುದಿಲ್ಲ.

ಜೀರ್ಣೋದ್ಧಾರದ ವೇಳೆ ನಿಜವಾದ ಶಿಲಾಸ್ತಂಭಕ್ಕೇ ಕಲ್ಲಿನ ಬಣ್ಣವನ್ನೂ ನಿಜವಾದ ಹಲಸಿನ ಬಾಗಿಲಿಗೇ ಮರದ ಬಣ್ಣವನ್ನೂ ಬಳಿಯುವುದು ಮಾತ್ರ ವ್ಯಸನದ ಸಂಗತಿ. ಎಣ್ಣೆಬಣ್ಣವು ಶಾಸನದ ಅಕ್ಷರಗಳನ್ನು ತುಂಬುತ್ತದೆ, ಕಲ್ಲಿನ ತೇವವನ್ನು ಒಳಗೇ ತಡೆಯುತ್ತದೆ. ಮುಂದೆ ಅದನ್ನು ಕೆರೆದು ತೆಗೆಯಹೊರಟರೆ ಅಕ್ಷರಗಳೂ ಸವೆಯುತ್ತವೆ. ಹೀಗೆ ಅಳಿದ ದಾನಿಯ ಹೆಸರನ್ನು ಮರಳಿ ತರುವ ಕುಂಚವಿಲ್ಲ.

ಹಿರಿಯಡ್ಕದಿಂದ ಬೈಲೂರು ಮಾರ್ಗವಾಗಿ ಕಾರ್ಕಳಕ್ಕೆ ಹೋದವರು 1586ರ ಚತುರ್ಮುಖ ಬಸದಿಯ ಕಂಬಗಳನ್ನು ಒಮ್ಮೆ ನಿಂತು ನೋಡಬೇಕು; ಕರಿಗಲ್ಲಿನ ಸಹಜವರ್ಣ ಎಷ್ಟು ಗಂಭೀರವೆಂಬುದು ತಿಳಿಯುತ್ತದೆ. ಮುರಕಲ್ಲಿನ ಹಳೆಯ ಗೋಡೆಗಾದರೋ ಸುಣ್ಣವೇ ಯೋಗ್ಯ. ಅದು ತೇವವನ್ನು ಹೊರಗೆ ಬಿಡುತ್ತದೆ, ಮಳೆಗಾಲ ಕಳೆದ ಮೇಲೆ ಮತ್ತೆ ಬಳಿಯಲೂಬಹುದು.