ಕೋಡಿ ನೀರಿನ ದಾರಿ

ಬೊಮ್ಮನಹಳ್ಳಿ ಕಡೆ ಫ್ಲಾಟ್ ನೋಡುವಾಗ ಮೆಟ್ರೋ ಎಷ್ಟು ದೂರ ಅಂತ ಕೇಳ್ತೀವಿ. ಕೋಡಿ ನೀರು ಎತ್ತ ಹರಿಯುತ್ತೆ ಅಂತ ಕೇಳಲ್ಲ. ಇಲ್ಲಿ ಕೆರೆಗಳ ಸಾಲೇ ಹೊಳೆ. ಮಡಿವಾಳ ಕೆರೆ ತುಂಬಿದರೆ ನೀರು ಅಗರಕ್ಕೆ, ಅಲ್ಲಿಂದ ಬೆಳ್ಳಂದೂರು, ವರ್ತೂರು, ಕೊನೆಗೆ ದಕ್ಷಿಣ ಪಿನಾಕಿನಿಗೆ. ತೂಬು ಕಾಯುತ್ತಿದ್ದ ನೀರುಗಂಟಿಗೆ ತನ್ನೂರಿನ ನೀರಿನ ದಾರಿ ಬಾಯಿಪಾಠ. ಊರು ಬೆಳೆದಂತೆ ರಾಜಕಾಲುವೆಗಳು ಕಿರಿದಾದವು.

2019ರ ನವೆಂಬರ್ 24ರಂದು ಹುಳಿಮಾವು ಕೆರೆ ಏರಿ ಒಡೆದು ಮನೆಗಳಿಗೆ ನೀರು ನುಗ್ಗಿತು. ಮರುವರ್ಷ ‘ಬೆಂಗಳೂರು ಮೇಘ ಸಂದೇಶ’ ಆ್ಯಪ್ ಬಂತು. ಅದರ ಹಿಂದಿರುವ ಪ್ರವಾಹ ಮಾದರಿ ನೆಲದ ಏರಿಳಿತ, ಕಾಲುವೆಯ ಅಳತೆ, ಸುರಿದ ಮಳೆ ಇಷ್ಟನ್ನು ಕೂಡಿಸಿ ನೀರು ಎಲ್ಲಿ ನಿಲ್ಲುತ್ತೆ ಅಂತ ಲೆಕ್ಕ ಹಾಕುತ್ತೆ. ಆದರೂ 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಸುತ್ತ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಲೆಕ್ಕ ಎಚ್ಚರಿಸುತ್ತೆ ಅಷ್ಟೇ, ಮುಚ್ಚಿದ ಕಾಲುವೆ ತೆರೆಯಲ್ಲ. ಅಡ್ವಾನ್ಸ್ ಕೊಡುವ ಮುಂಚೆ ಹಳೇ ಗ್ರಾಮನಕ್ಷೆಯಲ್ಲಿ ರಾಜಕಾಲುವೆ ಎಲ್ಲಿದೆ, ಒಮ್ಮೆ ನೋಡಿ.