ಶೀಸೆಯಿಲ್ಲದ ವೈದ್ಯ

ವೈದ್ಯರ ಬಳಿಗೆ ಹೋದವರು ಬರಿಗೈಯಲ್ಲಿ ಮರಳಲು ಒಪ್ಪುವುದಿಲ್ಲ. ‘ಏನೂ ಆಗಿಲ್ಲ, ಬಿಸಿನೀರು ಕುಡಿದು ಎರಡು ದಿನ ಮಲಗಿರಿ’ ಎಂದವರಿಗೆ ಶುಲ್ಕ ಕೊಡುವಾಗ ನಮ್ಮ ಮುಖ ಸಣ್ಣದಾಗುತ್ತದೆ. ಇದನ್ನು ಜನರ ಅಜ್ಞಾನವೆಂದು ತಳ್ಳಿಹಾಕುವವರುಂಟು. ಚರಿತ್ರೆಯನ್ನು ನೋಡಿದರೆ, ಇಂಥ ನಿರೀಕ್ಷೆಯನ್ನು ಬೆಳೆಸಿದುದರಲ್ಲಿ ಕಾನೂನಿನ ಪಾಲೂ ಇದೆ.

ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಔಷಧ ಬರೆಯುವ ಹಕ್ಕು 1518ರಲ್ಲಿ ಸ್ಥಾಪಿತವಾದ ಕಾಲೇಜ್ ಆಫ್ ಫಿಸಿಷಿಯನ್ಸ್‌ನ ವೈದ್ಯರದಾಗಿತ್ತು. ಅಪಾಥಿಕರಿಗಳೆಂಬ ಔಷಧ ವ್ಯಾಪಾರಿಗಳು ಅದನ್ನು ಅರೆದು, ಕಲಸಿ ಕೊಡಬೇಕು, ಅಷ್ಟೇ. ಆದರೆ ವೈದ್ಯರ ಶುಲ್ಕ ಬಡವರ ಕೈಗೆ ಎಟುಕದು. ಜನ ನೇರವಾಗಿ ಅಪಾಥಿಕರಿಯ ಅಂಗಡಿಗೇ ಹೋಗುತ್ತಿದ್ದರು. ವಿಲಿಯಂ ರೋಸ್ ಎಂಬ ಅಪಾಥಿಕರಿ, ಜಾನ್ ಸೀಲ್ ಎಂಬ ಕಟುಕನಿಗೆ ಚಿಕಿತ್ಸೆ ಕೊಟ್ಟು ಸುಮಾರು 50 ಪೌಂಡುಗಳ ಬಿಲ್ಲು ಕಳುಹಿಸಿದ. ಗುಣ ಕಾಣದ ಸೀಲ್ ಕಾಲೇಜಿಗೆ ದೂರಿತ್ತ. ಕೆಳಗಿನ ನ್ಯಾಯಾಲಯದಲ್ಲಿ ರೋಸ್ ಸೋತ. 1704ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ತೀರ್ಪನ್ನು ರದ್ದುಪಡಿಸಿತು. ಅಪಾಥಿಕರಿಗಳು ಚಿಕಿತ್ಸೆ ನೀಡಲು ದಾರಿ ತೆರೆಯಿತು.

ಬಡವರಿಗೆ ಅನುಕೂಲವಾಯಿತು, ನಿಜ. ಆದರೆ ಅಪಾಥಿಕರಿ ಹಣ ಕೇಳಬಹುದಾದುದು ಕೊಟ್ಟ ಔಷಧಕ್ಕೆ ಮಾತ್ರ, ಹೇಳಿದ ಸಲಹೆಗಲ್ಲ! ‘ನಿನಗೆ ಔಷಧ ಬೇಡ’ ಎಂದು ಪ್ರಾಮಾಣಿಕವಾಗಿ ನುಡಿದವನಿಗೆ ಅಂದಿನ ಸಂಪಾದನೆಯಿಲ್ಲ. ಭೇಟಿಗೂ ಶುಲ್ಕ ಪಡೆಯಬಹುದೆಂದು ನ್ಯಾಯಾಲಯಗಳು ಒಪ್ಪಿದ್ದು 1830ರ ಸುಮಾರಿಗೆ. ಅಷ್ಟರಲ್ಲಿ ಶೀಸೆಯೇ ಚಿಕಿತ್ಸೆಯೆಂಬ ನಂಬಿಕೆ ಬೇರೂರಿತ್ತು. ಅಟ್ಲಾಂಟಿಕ್‌ನ ಆಚೆಗೂ ಪರಿಸ್ಥಿತಿ ಭಿನ್ನವಾಗಿರಲಿಲ್ಲ. ತಾನು ಬಲ್ಲ ಯಶಸ್ವಿ ವೈದ್ಯನೊಬ್ಬ ಬ್ರೆಡ್ಡಿನ ಗುಳಿಗೆ, ಬಣ್ಣದ ನೀರುಗಳನ್ನೇ ಹೆಚ್ಚಾಗಿ ಕೊಡುತ್ತಿದ್ದನೆಂದು ಅಮೆರಿಕದ ಅಧ್ಯಕ್ಷ ಜೆಫರ್ಸನ್ 1807ರ ಪತ್ರವೊಂದರಲ್ಲಿ ಬರೆದಿದ್ದಾನೆ.

ಇಂಗ್ಲಿಷ್ ವೈದ್ಯಪದ್ಧತಿಯೊಂದಿಗೆ ಆ ಶೀಸೆ ನಮ್ಮಲ್ಲಿಗೂ ಬಂತು. ನನ್ನ ಬಾಲ್ಯದಲ್ಲಿ ಸರ್ಕಾರಿ ಆಸ್ಪತ್ರೆಗೆ ಶೀಸೆಯನ್ನು ಮನೆಯಿಂದಲೇ ತೊಳೆದು ಒಯ್ಯಬೇಕಿತ್ತು. ಕಾಂಪೌಂಡರು ಕೆಂಪು ಮಿಕ್ಸ್ಚರ್ ತುಂಬಿ, ಹೊತ್ತಿಗೆಷ್ಟೆಂದು ತಿಳಿಯಲು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಕಹಿಯಾದಷ್ಟೂ ಗುಣ ಹೆಚ್ಚೆಂದು ಹಿರಿಯರ ಎಣಿಕೆ. (ಮುಂದೆ ಆ ಗೌರವ ಇಂಜೆಕ್ಷನ್ನಿಗೆ ಸಂದಿತು.)

ಬಣ್ಣದ ನೀರಿನಿಂದ ಹೆಚ್ಚು ಕೇಡಿರಲಿಲ್ಲ. ಇಂದು ಆ ಸ್ಥಾನದಲ್ಲಿ ಆ್ಯಂಟಿಬಯಾಟಿಕ್ ಕುಳಿತಿದೆ. ನೆಗಡಿಗೆ ಕಾರಣ ವೈರಸ್ಸು; ಈ ಗುಳಿಗೆ ಕೆಲಸ ಮಾಡುವುದು ಬ್ಯಾಕ್ಟೀರಿಯಾಗಳ ಮೇಲೆ. ಹೀಗೆ ವ್ಯರ್ಥವಾಗಿ ನುಂಗಿದಾಗಲೆಲ್ಲ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯಲು ಎಡೆಯಾಗುತ್ತದೆ. ಮುಂದೊಂದು ದಿನ ನಿಜವಾದ ನ್ಯುಮೋನಿಯಾ ಬಂದಾಗ ಅದೇ ಔಷಧ ಕೈಕೊಡಬಹುದು. ನಮ್ಮ ಸರ್ಕಾರ 2014ರಲ್ಲಿ ಹಲವು ಆ್ಯಂಟಿಬಯಾಟಿಕ್‌ಗಳನ್ನು ಶೆಡ್ಯೂಲ್ ಎಚ್1 ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಾಟದ ಲೆಕ್ಕವನ್ನು ಮೂರು ವರ್ಷ ಇಡಬೇಕು ಎಂದು ವಿಧಿಸಿತು. ಆ ಲೆಕ್ಕ ಬರೆಯಬೇಕಾದವನು ಔಷಧದ ಅಂಗಡಿಯವನು. ರೋಸ್‌ನಂತೆ ಅವನಿಗೂ ಆದಾಯ ಮಾರಾಟದಿಂದಲೇ.