ದುಗ್ಗಾ ನಗರದ ದ್ವಿಭಾಷಾ ಶಾಸನಗಳು

ಉತ್ತರ ಆಫ್ರಿಕದ ಪ್ರಾಚೀನ ನಗರಗಳನ್ನು ರೋಮನ್ ನಗರಗಳೆಂದು ಕರೆಯುವುದು ವಾಡಿಕೆ. ಟ್ಯುನೀಸಿಯದ ದುಗ್ಗಾ ಈ ವಾಡಿಕೆಯನ್ನು ಮರುಪರಿಶೀಲಿಸುವಂತೆ ಮಾಡುತ್ತದೆ. ತೆಬೂರ್ಸೂಕ್ ಸಮೀಪದ ಗುಡ್ಡದ ಮೇಲಿರುವ ಇದರ ಅವಶೇಷಗಳು 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನೋಡುಗರ ಗಮನವನ್ನು ಮೊದಲು ಸೆಳೆಯುವುದು ಕ್ರಿ.ಶ. ಎರಡನೆಯ ಶತಮಾನದ ಕ್ಯಾಪಿಟಲ್ ದೇವಾಲಯ ಮತ್ತು ರಂಗಮಂದಿರ. ಇವು ಚಕ್ರವರ್ತಿಯ ಕೊಡುಗೆಗಳಲ್ಲ. ನಗರದ ಮಾರ್ಕಿಯಸ್ ಮನೆತನದವರ ದಾನಗಳು.

ಆದರೆ ನಗರದ ಚರಿತ್ರೆ ರೋಮನರಿಂದ ಆರಂಭವಾಗುವುದಿಲ್ಲ. ಅವರಿಗಿಂತ ಮೊದಲು ಇದು ನುಮಿಡಿಯನ್ನರ ಊರು. ಇವರ ಭಾಷಾಪರಂಪರೆಗೆ ಸೇರಿದ ಜನರನ್ನು ಇಂದು ನಾವು ಬರ್ಬರರು ಎನ್ನುತ್ತೇವೆ; ಅದು ಹೊರಗಿನವರು ಕೊಟ್ಟ ಹೆಸರು, ಅವರು ತಮ್ಮನ್ನು ಅಮಾಜಿಘರೆಂದು ಕರೆದುಕೊಳ್ಳುತ್ತಾರೆ. ಈ ಪೂರ್ವಚರಿತ್ರೆಗೆ ಮುಖ್ಯ ಆಧಾರ ಎರಡು ಶಾಸನಗಳು. ಮೊದಲನೆಯದು ಸುಮಾರು 21 ಮೀಟರ್ ಎತ್ತರದ ಸಮಾಧಿಗೋಪುರದಲ್ಲಿತ್ತು. ಪ್ಯೂನಿಕ್ ಮತ್ತು ಲಿಬಿಯನ್ ಲಿಪಿಗಳಲ್ಲಿದ್ದ ಈ ಪಾಠದಲ್ಲಿ ಪ್ಯೂನಿಕ್ ಭಾಗವನ್ನು ಓದಬಹುದಾಗಿದ್ದರಿಂದ, ವ್ಯಕ್ತಿನಾಮಗಳ ಹೋಲಿಕೆಯ ಮೂಲಕ ಲಿಬಿಯನ್ ಅಕ್ಷರಗಳನ್ನು ಗುರುತಿಸುವುದು ಸಾಧ್ಯವಾಯಿತು.

ಈ ಲಾಭಕ್ಕೆ ತೆತ್ತ ಬೆಲೆ ದೊಡ್ಡದು. 1842ರಲ್ಲಿ ಟ್ಯೂನಿಸ್‌ನ ಬ್ರಿಟಿಷ್ ಕಾನ್ಸಲ್ ಥಾಮಸ್ ರೀಡ್ ಶಾಸನಕ್ಕಾಗಿ ಗೋಪುರವನ್ನೇ ಕೆಡವಿಸಿದ. 1908-10ರಲ್ಲಿ ಲೂಯಿ ಪ್ವಾಂಸೊ ಚದುರಿದ ಕಲ್ಲುಗಳಿಂದ ಅದನ್ನು ಮತ್ತೆ ನಿಲ್ಲಿಸಿದ. ಶಾಸನ ಮಾತ್ರ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಸ್ಥಾನದಿಂದ ಕಿತ್ತ ಶಾಸನ ಅರ್ಥದಲ್ಲಿಯೂ ತೊಡಕನ್ನು ತರುತ್ತದೆ. ಅದರಲ್ಲಿ ಉಕ್ತನಾದ ಅತೆಬಾನನು ಸಮಾಧಿಸ್ಥನೆಂದು ಬಹುಕಾಲ ತಿಳಿಯಲಾಗಿತ್ತು. ಅವನು ಕಟ್ಟಡವನ್ನು ನಿರ್ಮಿಸಿದ ಶಿಲ್ಪಿಗಳಲ್ಲಿ ಮುಖ್ಯನಿರಬಹುದೆಂಬುದು ಈಚಿನ ವಿದ್ವಾಂಸರ ಅಭಿಪ್ರಾಯ.

ಎರಡನೆಯದು ದೊರೆ ಮಸಿನಿಸ್ಸನ ಗೌರವಾರ್ಥ ಕಟ್ಟಿದ ದೇವಾಲಯದ ಶಾಸನ. ಮಿಕಿಪ್ಸನ ಆಳ್ವಿಕೆಯ ಹತ್ತನೆಯ ವರ್ಷದ, ಅಂದರೆ ಸುಮಾರು ಕ್ರಿ.ಪೂ. 139ರ, ಈ ಶಾಸನವೂ ದ್ವಿಭಾಷಿಕವೇ. ಇದರಲ್ಲಿ ರಾಜ ಎಂಬರ್ಥದ 'ಗ್ಲ್ದ್' ಎಂಬ ವ್ಯಂಜನಗುಚ್ಛವಿದೆ. ಅದೇ ಧಾತು ಇಂದಿನ ಬರ್ಬರ್ ಭಾಷೆಗಳ 'ಅಗೆಲ್ಲಿದ್' ಪದದಲ್ಲಿ ಉಳಿದಿದೆ. ಎರಡು ಸಾವಿರ ವರ್ಷಗಳಿಗೂ ಮಿಕ್ಕ ಭಾಷಿಕ ಅವಿಚ್ಛಿನ್ನತೆಗೆ ಇದೊಂದು ಸಾಕ್ಷ್ಯ.

ರೋಮನ್ ಆಳ್ವಿಕೆಯಲ್ಲಿಯೂ ಈ ಸ್ಥಳೀಯ ಸಮಾಜ ಕರಗಿಹೋಗಲಿಲ್ಲ. ರೋಮನ್ ಪೌರರ 'ಪಾಗುಸ್', ಮೂಲನಿವಾಸಿಗಳ 'ಕಿವಿತಾಸ್' ಎಂಬ ಎರಡು ಸಮುದಾಯಗಳು ಒಂದೇ ಊರಿನಲ್ಲಿ ಪ್ರತ್ಯೇಕ ಸಂಸ್ಥೆಗಳಾಗಿ ಬಾಳಿ, ಕ್ರಿ.ಶ. 205ರಲ್ಲಿ ಒಂದು ಪೌರಸಭೆಯಾಗಿ ಕೂಡಿದವು. ಆದುದರಿಂದ ದುಗ್ಗಾವನ್ನು ರೋಮ್ ಕಟ್ಟಿದ ನಗರ ಎನ್ನುವುದಕ್ಕಿಂತ, ರೋಮನ್ ರೂಪವನ್ನು ತಳೆದ ನುಮಿಡಿಯನ್ ನಗರ ಎನ್ನುವುದು ಹೆಚ್ಚು ಸಮಂಜಸ.